ಅಪ್‌ಡೇಟ್: ಎಜುಕೇಶನ್ ಲೋನ್ ತೀರಿತು, ಮನೆ ಪತ್ರವೂ ಬಂತು
ಬಾಗಲಕೋಟೆ ನವನಗರದ ಮನೆ ಪತ್ರ ಅಡವಿಟ್ಟು ತೆಗೆದ 12 ಲಕ್ಷದ ಎಜುಕೇಶನ್ ಲೋನ್ ಬೇಗ ತೀರಿಸಲೋ, ಇಎಂಐ ಮೇಲೇ ಬಿಡಲೋ ಅಂತ ಕೇಳಿದ್ದೆ. ತೀರಿಸಿಬಿಟ್ಟೆ!

ಬೋನಸ್ ಬಂದಾಗೆಲ್ಲ ಅಸಲಿಗೆ ಕಟ್ಟಿದೆ. ಫ್ಲೋಟಿಂಗ್ (ಏರಿಳಿಯೋ) ಬಡ್ಡಿ, ಹಾಗಾಗಿ ಬೇಗ ಕಟ್ಟಿದ್ದಕ್ಕೆ ದಂಡ ಬೀಳಲಿಲ್ಲ. ಎಜುಕೇಶನ್ ಲೋನ್‌ಗೆ ಸಿಗೋ 80ಇ ಆದಾಯ ತೆರಿಗೆ ವಿನಾಯಿತಿ ಹೋಗುತ್ತಲ್ಲ ಅಂದಿದ್ರಿ ಕೆಲವರು. ಅದು ಸಿಗೋದು ಬಡ್ಡಿಗೆ ಮಾತ್ರ, ಅದೂ ಹಳೆ ಟ್ಯಾಕ್ಸ್ ಪದ್ಧತಿಯಲ್ಲಿ. ಅಷ್ಟಕ್ಕೋಸ್ಕರ ಸಾಲ ಇಟ್ಟುಕೊಳ್ಳೋದು ಯಾವ ಲೆಕ್ಕ?

ಪತ್ರ ಕೇಳಿದರೆ ಬ್ಯಾಂಕಿನವರು 'ಇನ್ನೊಂದೆರಡು ತಿಂಗಳು ಆಗ್ತದ್ರೀ' ಅಂದ್ರು. ಆರ್‌ಬಿಐ ನಿಯಮದಂತೆ ಸಾಲ ತೀರಿದ 30 ದಿನದೊಳಗೆ ಕೊಡಬೇಕು, ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ಬರೆದು ಅರ್ಜಿ ಕೊಟ್ಟೆ. ಅದೇ ವಾರ ಫೋನ್ ಬಂತು. ಅಪ್ಪ ಕೌಂಟರ್‌ನಲ್ಲೇ ಕನ್ನಡಕ ಹಾಕಿಕೊಂಡು ಹಾಳೆ ಹಾಳೆ ತಿರುವಿ ನೋಡಿದರು. ನೋ ಡ್ಯೂ ಸರ್ಟಿಫಿಕೇಟ್ ಕೂಡ ಸಿಕ್ಕಿತು. ಸಿಬಿಲ್‌ನಲ್ಲಿ (ನಮ್ಮ ಸಾಲಗಳ ದಾಖಲೆ ಇಡೋ ಸಂಸ್ಥೆ) 'ಕ್ಲೋಸ್ಡ್' ಅಂತ ಬರೋದೊಂದೇ ಬಾಕಿ.