ನಿಮ್ಮ ಶುಗರ್ ಮಾತ್ರೆ ಮಾವನವರಿಗೆ ಬೇಡ, ಕಾಕಾ

ಕಾಕಾ, ನಮಸ್ಕಾರ. ಬೆಳಿಗ್ಗೆಯಿಂದ ಔಷಧದ ಅಂಗಡಿಯಲ್ಲಿ ಜನ, ಉತ್ತರ ಕೊಡಲಾಗಲಿಲ್ಲ. ಈಗ ಷಟರ್ ಅರ್ಧ ಇಳಿಸಿ ಕುಳಿತಿದ್ದೇನೆ. ಮಾತು ಉದ್ದವಾಗುತ್ತದೆ, ಆದರೂ ಎಲ್ಲರೂ ಪೂರ್ತಿ ಕೇಳಿರಿ.

ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಆಯುಷ್ಯ ಹೆಚ್ಚಿಸುವ ಮಾತ್ರೆ, ಐವತ್ತು ದಾಟಿದವರೆಲ್ಲ ನುಂಗಬೇಕು ಎಂಬ ಸಂದೇಶವನ್ನು ನೀವು ಗುಂಪಿಗೆ ಹಾಕಿದ್ದೀರಿ. ಅದರ ಕೆಳಗೆ ನಿಮ್ಮ ಮಾತ್ರೆಯ ಫೋಟೋ ಹಾಕಿ, "ಭಾವ, ಗಂಗಾವತಿಗೆ ಬಂದಾಗ ಒಂದು ಸ್ಟ್ರಿಪ್ ಒಯ್ಯಿರಿ" ಎಂದು ಮಾವನವರಿಗೆ ಬರೆದಿದ್ದೀರಿ. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅದರ ಮೇಲೆ ಎರಡು ಹೆಸರುಗಳಿವೆ. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಒಂದು, ಅದರ ಜೊತೆಗೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ. ಈ ಎರಡನೆಯದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಊಟ ಮಾಡಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ಮಾವನವರಿಗೆ ಶುಗರ್ ಇಲ್ಲ. ನಸುಕಿನಲ್ಲಿ ಬರೀ ಚಹಾ ಕುಡಿದು, ಬೈಕ್ ಹತ್ತಿ ಕಾಲುವೆ ದಂಡೆಯ ಮೇಲೆ ಗದ್ದೆಗೆ ಹೋಗುವವರು. ಅಲ್ಲಿ ರಕ್ತದ ಸಕ್ಕರೆ ತೀರಾ ಕುಸಿದು, ಬೆವರು ಬಿಟ್ಟು, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ಹಿಡಿಯುವವರು ಯಾರು? ದಯವಿಟ್ಟು ಆ ಸ್ಟ್ರಿಪ್ ಕೊಡಬೇಡಿ. ಶ್ರಾವಣ ಸೋಮವಾರ ನೀವೂ ಉಪವಾಸ ಇರುತ್ತೀರಲ್ಲ, ಅಂದು ಮಾತ್ರೆಯನ್ನು ಏನು ಮಾಡಬೇಕೆಂದು ಮೊದಲೇ ಡಾಕ್ಟರರನ್ನು ಕೇಳಿಟ್ಟುಕೊಳ್ಳಿ.

ಬರೀ ಮೆಟ್‌ಫಾರ್ಮಿನ್ ಒಳ್ಳೆಯ ಔಷಧವೇ. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯರು ಇದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಯಕೃತ್ತು ತಾನಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದನ್ನು ಇದು ತಗ್ಗಿಸುತ್ತದೆ. ಆದರೆ ಶುಗರ್ ಇಲ್ಲದವರ ಆಯುಷ್ಯವನ್ನು ಇದು ಹೆಚ್ಚಿಸುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ.

ಅವ್ವನ ಸಂಗತಿ ನಿಮಗೆ ಪೂರ್ತಿ ಗೊತ್ತಿಲ್ಲ. ಕಳೆದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಸಂತೆಯಿಂದ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. "ಚಪ್ಪಲಿ ಎಲ್ಲಿ ಅವ್ವಾ?" ಎಂದೆ. "ಹಾಕಿಕೊಂಡೇ ಇದ್ದೇನಲ್ಲ" ಎಂದು ಬಗ್ಗಿ ನೋಡಿಕೊಂಡಳು. ಸಿಂಧನೂರಿನ ಆ ಬಿಸಿಲಲ್ಲಿ ಡಾಂಬರು ರಸ್ತೆಯ ಮೇಲೆ ಬಂದಿದ್ದಾಳೆ, ಅಂಗಾಲಿನಲ್ಲಿ ರೂಪಾಯಿ ಅಗಲದ ಗುಳ್ಳೆ ಎದ್ದಿದೆ, ಅವಳಿಗೆ ಅದರ ಅರಿವೇ ಇಲ್ಲ. ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಳು. ಬಹುಕಾಲ ನುಂಗಿದರೆ ಅದು ಬಿ12 ಜೀವಸತ್ವ ಕಡಿಮೆ ಮಾಡಬಲ್ಲದು. ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ, ಹಾಲು ಮೊಸರಿನಿಂದ ಬರುವಷ್ಟೇ ಬಿ12. ಶುಗರ್ ಕೂಡ ನರಗಳನ್ನು ಕೆಡಿಸುತ್ತದೆ, ಬಿ12 ಕೊರತೆಯೂ ಕೆಡಿಸುತ್ತದೆ, ಅವ್ವನಿಗೆ ಎರಡೂ ಸೇರಿದ್ದವು ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು. ಈಗ ಅಂಗಳದಲ್ಲಿ ಸಣ್ಣ ಹರಳು ಚುಚ್ಚಿದರೂ ಹೇಳುತ್ತಾಳೆ. ಹಾಗೆ ಹೇಳಿದಾಗಲೆಲ್ಲ ನನಗೆ ಸಮಾಧಾನ. ನೀವೂ ಒಮ್ಮೆ ಬಿ12 ಮತ್ತು ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಬಹಳ ಸೋತಿದ್ದರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ. ವಾಂತಿ ಭೇದಿ ಆದಾಗಲೂ ಡಾಕ್ಟರರಿಗೆ ಫೋನ್ ಮಾಡದೆ ನುಂಗಬೇಡಿ.

ಇನ್ನು ಊಟ. ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದೇ ಇಲ್ಲ, ಮಾತ್ರೆ ಬಿಡಬಹುದು ಎಂದು ಚಿಕ್ಕವ್ವ ಬರೆದಿದ್ದಾರೆ. ಚಿಕ್ಕವ್ವಾ, ನೂರು ಗ್ರಾಂ ಜೋಳದಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವೇ (ಕಾರ್ಬೋಹೈಡ್ರೇಟ್) ಇದೆ. ಅಕ್ಕಿಯಲ್ಲಿ 78ರ ಹತ್ತಿರ. ಜೋಳದಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಆದರೆ ನಾಲ್ಕು ರೊಟ್ಟಿಯ ಮೇಲೆ ಮತ್ತೆ ಎರಡು ಸೌಟು ಅನ್ನ ಬಡಿಸಿಕೊಂಡರೆ ಏನು ಬಂತು? 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಮುಂಚೆ ನಮ್ಮ ಕಡೆ ಜೋಳ, ಸಜ್ಜೆ, ನವಣೆಯೇ ಊಟ. ಭತ್ತ ಬಂದ ಮೇಲೆ ಮೂರು ಹೊತ್ತೂ ಅನ್ನವಾಯಿತು. ಕಾಲುವೆಯನ್ನು ದೂರುವುದಿಲ್ಲ, ನಮ್ಮ ಮನೆ ನಿಂತಿರುವುದೇ ಆ ಭತ್ತದ ಮೇಲೆ. ಅವ್ವನ ತಟ್ಟೆಯಲ್ಲಿ ಈಗ ಮೊದಲು ಪುಂಡಿ ಪಲ್ಯ, ಮಡಿಕೆ ಕಾಳಿನ ಉಸುಳಿ, ಹಸಿ ಸೌತೆಕಾಯಿ. ಅವು ಅರ್ಧ ಮುಗಿದ ಮೇಲೆ ಒಂದೂವರೆ ರೊಟ್ಟಿ, ಅಗಸೆ ಚಟ್ನಿ ಪುಡಿಗೆ ಮೊಸರು ಕಲಸಿಕೊಂಡು. ಅನ್ನ ಕೊನೆಗೆ ಒಂದು ಹಿಡಿ. ಕಾಳು, ಬೇಳೆ, ಮೊಸರು ಬಿಡಬಾರದು, ಸ್ನಾಯುವಿಗೆ ಬೇಕಾದ ಪ್ರೋಟೀನ್ ಅವುಗಳಲ್ಲಿದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಅದೇ ಸ್ನಾಯು.

ಮಾವನವರೇ, ನಿಮಗೊಂದು ಮಾತು. ಅಮೆರಿಕದಲ್ಲಿ ಶುಗರ್ ಗಡಿಯಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಮೆಟ್‌ಫಾರ್ಮಿನ್ ಪಡೆದವರಲ್ಲಿ ಮಧುಮೇಹ ಶೇ 31ರಷ್ಟು ಕಡಿಮೆ ಕಾಣಿಸಿತು. ಊಟ ತಿದ್ದಿಕೊಂಡು, ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆದವರಲ್ಲಿ ಶೇ 58ರಷ್ಟು. ಅರವತ್ತು ದಾಟಿದವರಿಗೆ ನಡಿಗೆ, ಊಟದಿಂದ ಇನ್ನೂ ಹೆಚ್ಚು ಲಾಭವಾಯಿತು, ಮಾತ್ರೆಯಿಂದ ಅಷ್ಟಾಗಿ ಆಗಲಿಲ್ಲ. ನಿಮಗೆ ಅರವತ್ತಮೂರು. ರಾತ್ರಿ ಊಟವಾದ ಮೇಲೆ ಅತ್ತೆಯವರ ಜೊತೆ ಹದಿನೈದು ನಿಮಿಷ ನಡೆಯಿರಿ. ಸಂಜೆಯ ಮಂಡಕ್ಕಿ ಒಗ್ಗರಣೆ ಇರಲಿ, ಮಿರ್ಚಿ ದಿನಾ ಬೇಡ.

ಕಾಕಾ, ಭಾನುವಾರ ಗಂಗಾವತಿಗೆ ಬರುತ್ತೇನೆ. ಅಗಸೆ ಪುಡಿ ಕುಟ್ಟಿ ತರುತ್ತೇನೆ. ನಿಮ್ಮ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದಿಡಿ, ಆ ಸ್ಟ್ರಿಪ್ ಅನ್ನು ನಿಮ್ಮ ಡಬ್ಬಿಯಲ್ಲೇ ಇಡಿ.