ಅಪ್ಪನ 2015ರ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕೋದಾ, ಅದರ ಬದಲು ಉಚಿತ ಲಿನಕ್ಸಾ, ಹೊಸದೇ ತಗೊಳೋದಾ? ಮಾಡಿ ನೋಡಿದವರು ಹೇಳಿ

ತುಂಗಾತೀರ
ಶಿವಮೊಗ್ಗದಲ್ಲಿ ಅಪ್ಪ ಬಳಸೋ ಡೆಸ್ಕ್‌ಟಾಪ್, 2015ರಲ್ಲಿ ಕೊಡಿಸಿದ್ದು. ಐ5 ನಾಲ್ಕನೇ ಜನರೇಶನ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತಲ್ಲ, ಪರದೆ ಮೇಲೆ ಅದರ ಎಚ್ಚರಿಕೆ ಬಂದಾಗೆಲ್ಲ ಅಪ್ಪ ವೈರಸ್ ಬಂತು ಅಂತ ಗಾಬರಿಯಾಗಿ ಫೋನ್ ಮಾಡ್ತಾರೆ. ಅವರ ಕೆಲಸ ಇಷ್ಟೇ: ಊರಿನ ದೇವಸ್ಥಾನದ ಇತಿಹಾಸ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡೋದು, ಬ್ಯಾಂಕು, ಯೂಟ್ಯೂಬು, ಒಂದು ಹಳೇ ಲೇಸರ್ ಪ್ರಿಂಟರ್. ನಾನಿರೋದು ಬೆಂಗಳೂರಲ್ಲಿ, ತಿಂಗಳಿಗೊಮ್ಮೆ ಹೋಗ್ತೀನಿ. ಏನು ಮಾಡಿದ್ರೆ ಅಪ್ಪಂಗೆ ತೊಂದರೆ ಕಮ್ಮಿ?

ಕಲ್ಪತರು_ಲೆಕ್ಕ
ನಾನು ತುಮಕೂರಲ್ಲಿ ಲೆಕ್ಕಪತ್ರದ ಕೆಲಸ ಮಾಡೋನು. ನನ್ನದೂ ನಾಲ್ಕನೇ ಜನರೇಶನ್ನೇ, ಮನೇಲಿ ಎರಡು ಇವೆ. ಎರಡಕ್ಕೂ ನಾನೇ ಕೂತು ವಿಂಡೋಸ್ 11 ಹಾಕಿದೀನಿ, ಎಂಟು ತಿಂಗಳಿಂದ ಓಡ್ತಿವೆ. ಎಂಟನೇ ಜನರೇಶನ್ ಬೇಕು, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು ಅಂತ ನಿಯಮ ಇದೆ ನಿಜ. ರೂಫಸ್ ಅನ್ನೋ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡೋವಾಗ ಆ ತಪಾಸಣೆ ತೆಗೆದುಹಾಕೋ ಟಿಕ್ ಬರುತ್ತೆ, ಹಾಕಿದ್ರೆ ಆಯ್ತು.

ಆದ್ರೆ ಮೊದಲನೇ ಸಲ ಏನಾಯ್ತು ಹೇಳ್ತೀನಿ. ಮೊದಲು 32 ಜಿಬಿ ಪೆನ್‌ಡ್ರೈವ್ 380 ರೂಪಾಯಿ ಕೊಟ್ಟು ತಂದೆ, ನಕಲಿ ಮಾಲು, ಅರ್ಧಕ್ಕೆ ಕಾಪಿ ನಿಂತುಹೋಯ್ತು. ಇನ್ನೊಂದು ತಂದೆ, 520. ಇನ್‌ಸ್ಟಾಲ್ ಆಯ್ತು, ಆದ್ರೆ ಹಳೇ ಹಾರ್ಡ್ ಡಿಸ್ಕ್ ಮೇಲೆ ಸ್ಟಾರ್ಟ್ ಮೆನು ತೆರೆಯೋಕೇ ಅರ್ಧ ನಿಮಿಷ. ವೇಗದ ಡಿಸ್ಕ್ ಬೇಕಾಯ್ತು, 240 ಜಿಬಿ ಎಸ್‌ಎಸ್‌ಡಿ 1,750. ಕೇಬಲ್ 90. ಬಯೋಸ್ (ಆನ್ ಮಾಡಿದ ಕೂಡಲೇ ಓಡೋ ಮೂಲ ಸೆಟ್ಟಿಂಗ್) ಗಡಿಯಾರ ಪದೇ ಪದೇ 2015ಕ್ಕೆ ಹೋಗ್ತಿತ್ತು, ಸೆಲ್ ಬದಲಾಯಿಸಿದೆ, 40. ಒಟ್ಟು 2,780 ರೂಪಾಯಿ, ಮೂರು ಭಾನುವಾರ. ಟ್ಯಾಲಿ ಬೇಕಿರೋರಿಗೆ ವಿಂಡೋಸ್ ಬಿಟ್ರೆ ಗತಿ ಇಲ್ಲ, ಲಿನಕ್ಸ್ ಅಂತ ಬೋಧನೆ ಮಾಡೋರು ಇದನ್ನ ಮೊದಲು ತಿಳ್ಕೊಳಿ.

ಒಂದು ತೊಂದರೆ ಇದೆ, ಮುಚ್ಚಿಡಲ್ಲ. ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಬರ್ತಿದೆ. ವರ್ಷಕ್ಕೊಮ್ಮೆ ಬರೋ ದೊಡ್ಡ ಅಪ್‌ಡೇಟ್ ತಾನಾಗಿ ಬರಲ್ಲ, ಮತ್ತೆ ವಿಂಡೋಸಿನ ಇನ್‌ಸ್ಟಾಲ್ ಕಡತ (ಐಎಸ್‌ಒ) ಇಳಿಸಿ ಕೂರಬೇಕು. ನನಗೆ ಅದು ಕಷ್ಟ ಅನ್ನಿಸಿಲ್ಲ.

ಮಿಂಟ್_ಮೈಸೂರು
ಬೋಧನೆ ಅಂದ್ರಲ್ಲ, ಅದಕ್ಕೇ ಬರೀತೀನಿ. ನಾನು ಬ್ಯಾಂಕಿಂದ ನಿವೃತ್ತನಾದವನು, ವಯಸ್ಸು 67. 2012ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಅದಕ್ಕೆ ಲಿನಕ್ಸ್ ಮಿಂಟ್ 22 ಹಾಕಿದೀನಿ, 2029ರವರೆಗೆ ಅಪ್‌ಡೇಟ್ ಬರುತ್ತೆ. ಯಾರ ಟಿಕ್ಕೂ ಬೇಡ, ಯಾರ ನಿಯಮಾನೂ ತಪ್ಪಿಸಬೇಕಿಲ್ಲ.

ಪ್ರಿಂಟರ್ ವಿಷಯದಲ್ಲಿ ಮಾತ್ರ ಒಂಬತ್ತು ದಿನ ಒದ್ದಾಡಿದೆ. ನನ್ನದೂ ಹಳೇ ಲೇಸರ್. ಮೊದಲ ದಿನ ಲಿನಕ್ಸ್‌ಗೆ ಪ್ರಿಂಟರ್ ಕಾಣಿಸ್ತು, ಕಾಗದ ಕದಲಲಿಲ್ಲ. ನಾಲ್ಕನೇ ದಿನ ಕಾಗದ ಒಳಗೆ ಹೋಯ್ತು, ಬಿಳಿಯಾಗೇ ಹೊರಗೆ ಬಂತು. ಏಳನೇ ದಿನ ಒಂದು ಪುಟ ಸರಿಯಾಗಿ ಬಂತು, ಎರಡನೇ ಪುಟಕ್ಕೆ ದೀಪ ಮಿನುಗಿ ನಿಂತ್ಕೊಂಡ್ತು. ಆಮೇಲೆ ಹೊಸ ಡ್ರೈವರ್ ಹುಡುಕಿ, ಅದನ್ನ ಕಂಪೈಲ್ ಮಾಡೋದು (ಮೂಲ ಕೋಡಿಂದ ತಯಾರಿಸೋದು) ಕಲಿತು, ಒಂಬತ್ತನೇ ದಿನ ರಾತ್ರಿ ಹನ್ನೊಂದೂವರೆಗೆ ಹತ್ತು ಪುಟ ಒಂದೇ ಸಲಕ್ಕೆ ಬಂತು. ಹೆಂಡತೀನ ಎಬ್ಬಿಸಿ ತೋರಿಸಿದೆ. ಆ ಹತ್ತು ಪುಟ ಇನ್ನೂ ಇಟ್ಕೊಂಡಿದೀನಿ.

ಕನ್ನಡ ಟೈಪಿಂಗ್‌ಗೆ ಚಿಂತೆ ಬೇಡ. ಐಬಸ್ ಅನ್ನೋ ಟೈಪಿಂಗ್ ತಂತ್ರಾಂಶ ಹಾಕಿ, ಅದರಲ್ಲಿ ಎಂ17ಎನ್ ಅನ್ನೋ ಸಂಗ್ರಹದ ಕೆಜಿಪಿ ಕೀಲಿಮಣೆ ಆರಿಸಿದ್ರೆ ನುಡಿಯ ಅದೇ ಬೆರಳ ಅಭ್ಯಾಸ. ಕೆ.ಪಿ. ರಾವ್ ಅವರ ವಿನ್ಯಾಸವೇ ಅದು. ಒತ್ತಕ್ಷರಕ್ಕೆ ಎಫ್ ಒತ್ತೋ ಕೈ ಹಾಗೇ ಓಡುತ್ತೆ.

ಪೇಢೆ_ಮಾಸ್ತರ
ನಂದೂ ಒಂದೀಟ ಕೇಳ್ರಿ. ಧಾರವಾಡದಾಗ ಮೂವತ್ತೊಂದು ವರ್ಷ ಕನ್ನಡಸಾಲಿ ಮಾಸ್ತರಕಿ ಮಾಡೇನಿ. ಕಂಪ್ಯೂಟರ್ ಭಾಳ ಸಾವಕಾಶ ಆಗೇತಿ ಅಂತ ಹೋದ ನವೆಂಬರದಾಗ ಒಂದ ಅಂಗಡಿಗೆ ಒಯ್ದ ಕೊಟ್ಟೆ. "ಹನ್ನೊಂದ ಹಾಕ್ತೇವ್ರಿ ಸರ್, ನಾಳೆ ಸಂಜಿಗೆ ಬರ್ರಿ" ಅಂದ್ರು. ಡಿ ಡ್ರೈವ್ ಮುಟ್ಟಬ್ಯಾಡ್ರಿ ಅಂತ ಹೇಳೇನಿ, ಚೀಟಿ ಮ್ಯಾಲೆ ನನ್ನ ಕೈಯಾರೆ ಬರದ ಸಿಪಿಯುಗೆ ಅಂಟಿಸೇನಿ. ಮರುದಿನ ಹೋದ್ರ ಚೀಟಿ ಹಂಗ ಐತಿ. ಡಿ ಡ್ರೈವ್ ಇಲ್ಲ! ಎಲ್ಲಾ ಒಂದ ಪಾರ್ಟೀಶನ್ ಮಾಡಿ ಇಟ್ಟಿದ್ರು.

ಹನ್ನೊಂದ ವರ್ಷದಾಗ ಕೂಡಿಸಿದ ಗಾದಿಮಾತು, ಬೀಸುಕಲ್ಲಿನ ಪದ, ಹಂತಿ ಪದ. ನಮ್ಮ ಅವ್ವ ಹಾಡಿದ್ದು, ನಾ ಬಾಜೂಕ ಕುಂತು ಟೈಪ್ ಮಾಡಿದ್ದು. ಅವ್ವ ಈಗಿಲ್ಲ. ಬಿಲ್ಲ ಎಷ್ಟ ಗೊತ್ತೇನ್ರಿ? ಸಾಫ್ಟವೇರಿಗೆ 800, ಸರ್ವೀಸಿಗೆ 500, ಧೂಳ ಝಾಡಿಸಿದ್ದಕ್ಕ 150. 1,450 ರೂಪಾಯಿ ಎಣಿಸಿ ಕೊಟ್ಟ ಬಂದೇನಿ, ಮನಿಗಿ ಬಂದ ಮ್ಯಾಲೆ ನೋಡೇನಿ. ಅಂಗಡಿಯವ್ರ ಕೈಯಾಗ ಕೊಡಬ್ಯಾಡ್ರಿ. ಇಷ್ಟ ನನ್ನ ಮಾತು.

ಹಾಸನ_ರಿಪೇರಿ
ಮಾಸ್ತರೇ, ನಿಮಗಾದದ್ದು ಓದಿ ಹೊಟ್ಟೆ ಉರೀತು. ಆದ್ರೆ ಅಂಗಡಿಯವ್ರು ಅಂತ ಎಲ್ಲರನ್ನೂ ಒಂದೇ ಗಂಟು ಕಟ್ಟಬೇಡಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಗಿರಾಕಿಯ ಫೈಲನ್ನ ಮೊದಲು ನನ್ನ ಡಿಸ್ಕ್‌ಗೆ ಕಾಪಿ ಮಾಡ್ದೆ ಸ್ಕ್ರೂಡ್ರೈವರ್ ಮುಟ್ಟಲ್ಲ. ಬ್ಯಾಕಪ್‌ಗೆ 200 ರೂಪಾಯಿ ಕೇಳಿದ್ರೆ "ಅದ್ಯಾಕೆ, ಎರಡು ಬಟನ್ ಒತ್ತೋದಕ್ಕಾ" ಅಂತ ಜಗಳಕ್ಕೆ ಬರ್ತಾರೆ. ಒಂದು ಟಿಬಿ ಹಳೇ ಡಿಸ್ಕ್ ಕಾಪಿ ಆಗೋಕೆ ಮೂರು ನಾಲ್ಕು ಗಂಟೆ, ಕೆಟ್ಟ ಸೆಕ್ಟರ್ ಇದ್ರೆ ಇಡೀ ರಾತ್ರಿ. ಆ ಕರೆಂಟು, ಆ ನಿದ್ದೆ ಯಾರ ಲೆಕ್ಕ?

ಮತ್ತೆ ತುಮಕೂರಿನವರು ಮೂರು ಭಾನುವಾರ ಕಳೆದು ಉಳಿಸಿದ್ದೆಷ್ಟು? ನಾನು 500 ರೂಪಾಯಿ ಕೂಲಿಗೆ ಒಂದೇ ದಿನದಲ್ಲಿ ಕೊಡ್ತಿದ್ದೆ. ರೂಫಸ್ ಟಿಕ್ ಹಾಕಿ ಕೊಟ್ಟ ಮಷೀನ್ ದೊಡ್ಡ ಅಪ್‌ಡೇಟ್ ಬರ್ದೆ ಮತ್ತೆ ನನ್ನ ಟೇಬಲ್‌ಗೇ ಬರುತ್ತೆ, ಬೈಗುಳ ನನಗೇ. ವಿಂಡೋಸ್ 11ರ 24ಎಚ್2 ಅನ್ನೋ ದೊಡ್ಡ ಅಪ್‌ಡೇಟ್ ಬಂದ ಮೇಲೆ ಹಳೇ ಕೋರ್ 2 ಡ್ಯುಯೋದಲ್ಲಂತೂ ಬೂಟೇ ಆಗಲ್ಲ, ಅದಕ್ಕೆ ಬೇಕಾದ ಸೂಚನೆಗಳೇ ಆ ಪ್ರೊಸೆಸರ್‌ನಲ್ಲಿಲ್ಲ.

ಕಲ್ಪತರು_ಲೆಕ್ಕ
ನನ್ನ ಭಾನುವಾರದ ಬೆಲೆ ನೀವು ಕಟ್ಟಬೇಡಿ ಸ್ವಾಮಿ. ಕಲಿತೆ, ಅದು ಲಾಭ. ಕೋರ್ 2 ಡ್ಯುಯೋ ಮಾತು ಇಲ್ಲಿ ಯಾರೂ ಎತ್ತಿಲ್ಲ, ಕೇಳಿದ್ದು ಐ5.

ಕುಡ್ಲದ_ಮಗಳು
ಪ್ರಶ್ನೆ ಕೇಳಿದವರಿಗೆ ನಂದು ಪೂರ್ತಿ ಹೊಂದ್ಲಿಕ್ಕಿಲ್ಲ, ಆದ್ರೂ ಬೇರೆ ಯಾರಾದ್ರೂ ಓದ್ತಿದ್ರೆ ಅಂತ. ನನ್ನದು 2018ರ ಡೆಸ್ಕ್‌ಟಾಪ್, ಐ3 8100. ಎಂಟನೇ ಜನರೇಶನ್ ಇದ್ರೂ "ಈ ಪಿಸಿ ಆಗುದಿಲ್ಲ" ಅಂತ ಬಂತು. ಹೊಸದು ತಗೊಳ್ಳಿಕ್ಕೆ 38 ಸಾವಿರ ತೆಗೆದಿಟ್ಟಿದ್ದೆ ಮಾರಾಯ್ರೇ! ಮತ್ತೆ ಗೊತ್ತಾಯ್ತು, ಟಿಪಿಎಂ ಅದ್ರಲ್ಲೇ ಉಂಟು, ಬಯೋಸ್‌ನಲ್ಲಿ ಆಫ್ ಇದ್ದದ್ದು. ಇಂಟೆಲ್‌ನಲ್ಲಿ ಪಿಟಿಟಿ ಅಂತ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಇರ್ತದೆ.

ಅದನ್ನು ಆನ್ ಮಾಡಿದ ಖುಷಿಯಲ್ಲಿ ಸೆಕ್ಯೂರ್ ಬೂಟೂ ಮಾಡಿಬಿಡುವ ಅಂತ ಸಿಎಸ್‌ಎಂ (ಹಳೇ ರೀತಿ ಬೂಟ್ ಆಗುವ ಸೆಟ್ಟಿಂಗ್) ಆಫ್ ಮಾಡಿದೆ. ಸೇವ್. ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣಿ ಮಿಣಿ, ಬೂಟ್ ಡಿಸ್ಕ್ ಇಲ್ಲ ಅಂತ. ಕೈಕಾಲು ತಣ್ಣಗಾಯ್ತು. ಮಗನ ಹತ್ತನೇ ಕ್ಲಾಸ್ ಪ್ರಾಜೆಕ್ಟ್ ಅದ್ರಲ್ಲೇ ಇತ್ತು, ಮರುದಿನ ಕೊಡ್ಲಿಕ್ಕೆ. ಡಿಸ್ಕ್ ಎಂಬಿಆರ್ ಅಂತ ಹಳೇ ವಿಧಾನದಲ್ಲಿ ಇದ್ದದ್ದು ನನಗೆ ಗೊತ್ತೇ ಇರ್ಲಿಲ್ಲ. ಸಿಎಸ್‌ಎಂ ವಾಪಸ್ ಆನ್ ಮಾಡಿ, ಒಳಗೆ ಹೋಗಿ, ಪ್ರಾಜೆಕ್ಟ್ ಪೆನ್‌ಡ್ರೈವ್‌ಗೆ ಹಾಕಿ, ಡಿಸ್ಕನ್ನು ಹೊಸ ವಿಧಾನಕ್ಕೆ ತರುವ ಎಂಬಿಆರ್2ಜಿಪಿಟಿ ಓಡಿಸಿ ಮತ್ತೆ ಬದಲಾಯಿಸಿದೆ. ರಾತ್ರಿ ಎರಡು ಗಂಟೆ ಆಗಿತ್ತು. ಒಂದು ಪೈಸೆ ಖರ್ಚಿಲ್ಲ. ಮೊದಲು ಡಿಸ್ಕ್ ಪರಿವರ್ತನೆ, ಆಮೇಲೆ ಬಯೋಸ್. ಉಲ್ಟಾ ಮಾಡಬೇಡಿ.

ಮ್ಯೂನಿಕ್_ಕನ್ನಡಿಗ
ಯಾಕಿಷ್ಟು ಒದ್ದಾಟ? ವಿಂಡೋಸ್ 10ಕ್ಕೇ ಇನ್ನೊಂದು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಇದೆಯಲ್ಲ, 2026ರ ಅಕ್ಟೋಬರ್ 13ರವರೆಗೆ. ನಾನು ಹಳೇ ಮಷೀನನ್ನ ಅದಕ್ಕೆ ಸೇರಿಸಿ ಸುಮ್ಮನಿದ್ದೀನಿ. ಯುರೋಪಲ್ಲಿ ಅದು ಉಚಿತ.

ಕಲ್ಪತರು_ಲೆಕ್ಕ
ಯುರೋಪಲ್ಲಿ ಉಚಿತ ಅಂತ ತುಮಕೂರಿನವನಿಗೆ ಹೇಳಿ ಏನು ಪ್ರಯೋಜನ? ನಮಗೆ 30 ಡಾಲರ್, ಇಲ್ಲ 1,000 ರಿವಾರ್ಡ್ ಪಾಯಿಂಟ್, ಇಲ್ಲ ಸೆಟ್ಟಿಂಗ್ಸ್ ಎಲ್ಲ ಕ್ಲೌಡ್‌ಗೆ ಸಿಂಕ್ ಮಾಡಬೇಕು.

ಮ್ಯೂನಿಕ್_ಕನ್ನಡಿಗ
ಆ ಮೂರನೇದಕ್ಕೂ ದುಡ್ಡಿಲ್ಲ ತಾನೆ? ಮೈಕ್ರೋಸಾಫ್ಟ್ ಖಾತೆ ಇದ್ರೆ ಸಾಕು. ದಾವಣಗೆರೆಯಲ್ಲಿರೋ ಅಮ್ಮನ ಮಷೀನ್‌ಗೆ ನಾನೇ ಇಲ್ಲಿಂದ ರಿಮೋಟಲ್ಲಿ ಮಾಡಿಕೊಟ್ಟೆ. ಆ ಖಾತೆಗೆ ಓಟಿಪಿ ಅಮ್ಮನ ಫೋನ್‌ಗೆ ಬರುತ್ತೆ, ಅಮ್ಮ ಅಂಕಿ ಓದಿ ಹೇಳೋಷ್ಟರಲ್ಲಿ ಸಮಯ ಮುಗಿಯುತ್ತೆ. ಆರನೇ ಸಲಕ್ಕೆ ಆಯ್ತು. ದೂರದಲ್ಲಿದ್ದು ಮಾಡೋರ ಕಷ್ಟ ಊರಲ್ಲಿ ಇರೋರಿಗೆ ಗೊತ್ತಾಗಲ್ಲ, ಅದಕ್ಕೇ ಇಷ್ಟು ಸಲೀಸಾಗಿ ಬೈತೀರಿ.

ಬರಹ_ಬಳಗ
ಎಲ್ಲರೂ ಮುಖ್ಯವಾದ್ದನ್ನ ಬಿಟ್ಟು ಮಾತಾಡ್ತಿದೀರಿ. ಇವರಪ್ಪ ನುಡಿಯಲ್ಲಿ ಬರೆದದ್ದು ಆಸ್ಕಿ ಫಾಂಟಲ್ಲಿದ್ರೆ (ಇಂಗ್ಲಿಷ್ ಅಕ್ಷರಕ್ಕೇ ಕನ್ನಡದ ರೂಪ ತೊಡಿಸಿದ ಹಳೇ ಫಾಂಟ್) ಲಿನಕ್ಸ್ ಆಗಲಿ, ಹನ್ನೊಂದಾಗಲಿ, ಹೊಸ ಮಷೀನಾಗಲಿ, ಆ ಫಾಂಟ್ ಇಲ್ಲದೆ ತೆರೆದಾಗ ಇಂಗ್ಲಿಷ್ ಅಕ್ಷರದ ಮೇಲೆ ಗೆರೆ, ಬಾಲ ಅಷ್ಟೇ ಕಾಣೋದು. ನಾನು ನನ್ನ 400 ಪುಟ ಕೈಯಾರೆ ಸರಿ ಮಾಡಿದೀನಿ. ಪರಿವರ್ತಕಕ್ಕೆ ಹಾಕಿದ್ರೆ ಮುಕ್ಕಾಲು ಪಾಲು ಸರಿ ಬಂತು, ರ್ಕ, ರ್ತ ಬಂದಲ್ಲೆಲ್ಲ ಮುರಿದಿತ್ತು, ಕನ್ನಡದ ಅಂಕಿಗಳು ಬೇರೇನೋ ಆಗಿದ್ವು. ಇಪ್ಪತ್ತು ವರ್ಷದ ಹಿಂದೆಯೇ ಎಲ್ಲರೂ ಬರಹ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಗೊತ್ತಿರೋ ಅಕ್ಷರ ಸಂಕೇತ) ಹಿಡಿದಿದ್ರೆ ಈ ಗೋಳೇ ಇರ್ತಿರಲಿಲ್ಲ.

ಮಿಂಟ್_ಮೈಸೂರು
ಬರಹದಲ್ಲೂ ಆಸ್ಕಿ ಫಾಂಟ್ ಇದ್ವು, ಅದರಲ್ಲಿ ಬರೆದ ಪತ್ರಗಳು ನನ್ನ ಹತ್ರವೂ ಇವೆ. ನುಡಿಯೂ ಯೂನಿಕೋಡ್ ಕೊಟ್ಟಿದೆ. ಇದರಲ್ಲಿ ಪಕ್ಷ ಕಟ್ಟಬೇಡಿ. ನುಡಿ ಫಾಂಟ್ ಫೈಲುಗಳನ್ನ ಕಾಪಿ ಮಾಡಿ ಲಿನಕ್ಸ್‌ನ ಫಾಂಟ್ ಫೋಲ್ಡರ್‌ಗೆ ಹಾಕಿದ್ರೆ ಲಿಬ್ರೆ ಆಫೀಸ್‌ನಲ್ಲಿ ಹಳೇ ಕಡತ ಓದಬಹುದು, ನಾನು ದಿನಾ ಓದ್ತೀನಿ.

ಬರಹ_ಬಳಗ
ಓದಬಹುದು ಸರಿ. ಹುಡುಕೋಕಾಗುತ್ತಾ? "ತುಂಗಾ" ಅಂತ ಕೊಟ್ಟು ಹುಡುಕಿ ನೋಡಿ, ಒಂದೂ ಸಿಗಲ್ಲ. ಅದು ಕನ್ನಡ ಅಂತ ಕಂಪ್ಯೂಟರ್‌ಗೆ ಗೊತ್ತೇ ಇಲ್ಲ. ಇಷ್ಟು ವರ್ಷದ ದುಡಿಮೆ ಹಾಗೆ ಬಿದ್ದಿರೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ, ಅದಕ್ಕೆ ಹೇಳಿದೆ.

ಕುಡ್ಲದ_ಮಗಳು
ತುಂಗಾ ಅಂದದ್ದಕ್ಕೆ ನೆನಪಾಯ್ತು. ಹೊಸದಾಗಿ ವಿಂಡೋಸ್ ಹಾಕಿದ್ರೆ ತುಂಗಾ ಫಾಂಟ್ ಇರುದಿಲ್ಲ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡದ ಹೆಚ್ಚುವರಿ ಫಾಂಟ್ ಅಂತ ಉಂಟು, ಅದನ್ನು ಹಾಕಬೇಕು. ಇಲ್ಲದಿದ್ರೆ ಆ ಫಾಂಟಲ್ಲಿ ಬರೆದ ಕಡತದ ಸಾಲುಗಳೆಲ್ಲ ಹಿಂದೆ ಮುಂದೆ ಆಗಿ ಪುಟ ಸಂಖ್ಯೆ ತಪ್ಪುತ್ತದೆ.

ಹಾಸನ_ರಿಪೇರಿ
ಮಾಸ್ತರೇ, ಒಂದು ಕೇಳ್ತೀನಿ. ಆ ಹಾರ್ಡ್ ಡಿಸ್ಕ್ ಈಗ ಎಲ್ಲಿದೆ? ಅದರ ಮೇಲೇ ವಿಂಡೋಸ್ ಓಡ್ತಿದೆಯಾ, ಬೇರೆ ತೆಗೆದಿಟ್ಟಿದೀರಾ?

ಪೇಢೆ_ಮಾಸ್ತರ
ಸಿಟ್ಟಿನಾಗ ಅವತ್ತಿಂದ ಕಂಪ್ಯೂಟರ್ ಚಾಲೂನ ಮಾಡಿಲ್ರಿ. ಮಗಳು ಬ್ಯಾರೆ ಲ್ಯಾಪಟಾಪ್ ಕೊಡಿಸ್ಯಾಳ, 44 ಸಾವಿರ. ರ‍್ಯಾಮ್ 8 ಐತಿ, ಅದು ಬೋರ್ಡಿಗೇ ಬೆಸಗಿ ಹಾಕೇದ, ಹೆಚ್ಚಿಸಾಕ ಬರಂಗಿಲ್ಲ ಅಂತ ಆಮ್ಯಾಲೆ ಗೊತ್ತಾತು. ಹಳೇದು ಅಟ್ಟದ ಮ್ಯಾಲೆ ಐತಿ.

ಹಾಸನ_ರಿಪೇರಿ
ಆನ್ ಮಾಡಲೇಬೇಡಿ! ಒಂದು ಸಲಾನೂ ಬೇಡ. ಡಿಸ್ಕ್ ಬಿಚ್ಚಿಸಿ ಇಡಿ. ಅವ್ರು ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ, ಮೇಲೆ ವಿಂಡೋಸ್ ಬರೆದ ಜಾಗ ಬಿಟ್ಟು ಉಳಿದದ್ದರಲ್ಲಿ ನಿಮ್ಮ ಕಡತ ಇನ್ನೂ ಇರಬಹುದು. ಡಿ ಡ್ರೈವ್ ಡಿಸ್ಕಿನ ಹಿಂಭಾಗದಲ್ಲಿರುತ್ತೆ, ಅದೇ ನಿಮ್ಮ ಪುಣ್ಯ. ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆದು ಆ ಪ್ರತಿಯ ಮೇಲೆ ಫೋಟೋರೆಕ್ ಅನ್ನೋ ಅಳಿದ ಕಡತ ಹುಡುಕೋ ತಂತ್ರಾಂಶ ಓಡಿಸ್ಬೇಕು. ಕಡತದ ಹೆಸರು ಹೋಗಿರುತ್ತೆ, ಬರೀ ಅಂಕಿ ಇರುತ್ತೆ. ಸಾವಿರಗಟ್ಟಲೆ ಬರುತ್ತೆ, ಒಂದೊಂದೇ ತೆರೆದು ನೋಡ್ಬೇಕು. ಎಲ್ಲಾ ಸಿಗುತ್ತೆ ಅಂತ ಮಾತು ಕೊಡಲ್ಲ. ಕೂಲಿ ಬೇಡ.

ಪೇಢೆ_ಮಾಸ್ತರ
ಅಟ್ಟದ ಮ್ಯಾಲಿಂದ ಈಗ ಇಳಿಸೇನಿ. ಬಿಚ್ಚೂದ ಹೆಂಗ್ರಿ? ನಾಕ ಸ್ಕ್ರೂ ಕಾಣ್ತಾವ, ಎರಡಕ್ಕ ತುಕ್ಕ ಹಿಡದೇತಿ.

ತುಂಗಾತೀರ
ಎಲ್ಲ ಓದಿದೆ. ಶನಿವಾರ ಊರಿಗೆ ಹೋಗ್ತಿದೀನಿ, ಎಸ್‌ಎಸ್‌ಡಿ ತಗೊಂಡಿದೀನಿ. ಅಪ್ಪನ ಕಡತ ಎಲ್ಲ ಎರಡು ಕಡೆ ಕಾಪಿ ಆಗೋವರೆಗೂ ಬೇರೇನೂ ಮುಟ್ಟಲ್ಲ. ಹಳೇ ಡಿಸ್ಕ್ ಬಿಚ್ಚಿ ಹಾಗೇ ಎತ್ತಿಡ್ತೀನಿ. ಹನ್ನೊಂದೋ ಮಿಂಟೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಮೈಸೂರಿನವರೇ, ಪ್ರಿಂಟರ್ ಡ್ರೈವರ್ ಕಂಪೈಲ್ ಮಾಡಿದ್ದನ್ನ ಹಂತ ಹಂತವಾಗಿ ಬರೀತೀರಾ?

ಮಿಂಟ್_ಮೈಸೂರು
ಬರೀತೀನಿ. ಪ್ರಿಂಟರ್ ಹಿಂಭಾಗದ ಸ್ಟಿಕ್ಕರ್ ಮೇಲಿನ ಮಾದರಿ ಸಂಖ್ಯೆ ಅಪ್ಪನ ಹತ್ರ ಓದಿಸಿ, ಕೊನೇ ಅಕ್ಷರ ಬಿಡಬಾರದು. ನಾನು ಐದು ದಿನ ಕಳೆದಿದ್ದು ಅದೊಂದು ಅಕ್ಷರಕ್ಕೆ.

ಕಲ್ಪತರು_ಲೆಕ್ಕ
ಹನ್ನೊಂದು ಹಾಕಿದ್ರೆ ಆ ಐದು ದಿನ ಬೇಕಾಗಲ್ಲ ಅಂತ ಮತ್ತೆ ಹೇಳ್ತೀನಿ.

ಹಾಸನ_ರಿಪೇರಿ
ಮಾಸ್ತರೇ, ತುಕ್ಕಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಡಿಸ್ಕ್‌ಗೆ ತಾಗಿಸ್ಬೇಡಿ. ಮೊದಲು ಕರೆಂಟಿನ ವೈರ್ ಕಿತ್ತಿದೀರಾ?