ಹಂಪಿ ಮಾತಂಗದಿಂದ ಸೂರ್ಯಾಸ್ತ: ಕಿತ್ತಳೆ ಹಳದಿಯಾಗಿ ಒಡೆಯುತ್ತಿದೆ, ಬಂಡೆ ಬೂದಿಯಾಗುತ್ತಿದೆ. ತಪ್ಪು ಎಲ್ಲಿ?

ಬಂಡೆಹಾದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಾತಂಗ ಬೆಟ್ಟದ ಮೇಲಿಂದ ವಿರೂಪಾಕ್ಷನ ಗೋಪುರ, ಬಜಾರ್ ಬೀದಿ, ಪಶ್ಚಿಮದ ಸಂಜೆಗೆಂಪು ಮೂರೂ ಒಂದೇ ಫ್ರೇಮಿನಲ್ಲಿ ಬೇಕು. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಕ್ಯಾಮೆರಾ, 18–55 ಲೆನ್ಸ್, ಟ್ರೈಪಾಡ್. ಎಫ್/16, ಐಎಸ್‌ಒ 100, ಆಟೋ ವೈಟ್ ಬ್ಯಾಲೆನ್ಸ್ (ಬಣ್ಣದ ಹದ ಕ್ಯಾಮೆರಾವೇ ನಿರ್ಧರಿಸುವುದು), ರಾ ಫೈಲ್ (ಸೆನ್ಸರ್‌ನ ಕಚ್ಚಾ ಮಾಹಿತಿ). ಎಡಿಟಿಂಗ್ ತಂತ್ರಾಂಶ ಲೈಟ್‌ರೂಮ್‌ನಲ್ಲಿ ಹೈಲೈಟ್ಸ್ (ಬೆಳಕಿನ ಭಾಗ) −100, ಶ್ಯಾಡೋಸ್ (ನೆರಳಿನ ಭಾಗ) +100, ವೈಬ್ರೆನ್ಸ್ +60, ಡೀಹೇಝ್ (ಮಬ್ಬು ತೆಗೆಯುವುದು) +40 ಹಾಕಿದ್ದೇನೆ. ಫೋಟೋ ಡಿಸೆಂಬರ್ ಮೂರನೇ ವಾರದ್ದು.

ಸೂರ್ಯನ ಸುತ್ತ ಹಳದಿ ವರ್ತುಲ, ಅದರ ಅಂಚು ಕತ್ತರಿಸಿಟ್ಟ ಹಾಗಿದೆ. ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲು ಪಟ್ಟಿ. ಬಾನಿಗೆ ತಾಗಿದ ಗುಡ್ಡಗಳ ಅಂಚಿಗೆ ಬಿಳಿ ಗೆರೆ. ಬಂಡೆಗಳನ್ನು ಬೆಳಗಿಸಿದರೆ ನೀಲಿ ಮಿಶ್ರಿತ ಬೂದಿ ಬಣ್ಣ. ಹಿಸ್ಟೋಗ್ರಾಂನಲ್ಲಿ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಲಗಡೆ ಜಾಗ ಖಾಲಿ ಇತ್ತು, ಅಂದರೆ ಓವರ್ ಎಕ್ಸ್‌ಪೋಸ್ ಆಗಿಲ್ಲ ತಾನೆ? ಎಡಿಟಿಂಗ್ ತಪ್ಪೋ, ತೆಗೆದದ್ದೇ ತಪ್ಪೋ?

ಸಂಜೆಮುಗಿಲು

ಮೊದಲ ತಪ್ಪು ತೆಗೆಯುವಾಗಲೇ ಆಗಿದೆ. ಎಡಿಟಿಂಗ್ ಅದನ್ನು ಎತ್ತಿ ತೋರಿಸಿದೆ, ಅಷ್ಟೆ.

ನೀವು ನೋಡಿದ್ದು ಬಿಳಿ ಬಣ್ಣದ ಒಂದೇ ಹಿಸ್ಟೋಗ್ರಾಂ ಇರಬೇಕು. ಅದು ಒಟ್ಟು ಬೆಳಕಿನ ಲೆಕ್ಕ. ಅದರಲ್ಲಿ ಹಸಿರಿನ ಪಾಲು ದೊಡ್ಡದು, ಕೆಂಪಿನದು ಕಡಿಮೆ. ಸೂರ್ಯಾಸ್ತದಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪು ಚಾನೆಲ್. ಕೆಂಪು ತನ್ನ ಗರಿಷ್ಠ ಮಟ್ಟವಾದ 255ಕ್ಕೆ ತಾಗಿ ನಿಂತ ಮೇಲೂ ಸೂರ್ಯನ ಹತ್ತಿರ ಹೋದ ಹಾಗೆ ಹಸಿರು ಏರುತ್ತಲೇ ಇರುತ್ತದೆ. ಕೆಂಪು ನಿಂತು ಹಸಿರು ಏರಿದರೆ ಕಿತ್ತಳೆ ಹಳದಿಯಾಗುತ್ತದೆ. ನಿಮ್ಮ ವರ್ತುಲ ಅದೇ. ಅಂಚು ಕತ್ತರಿಸಿದ ಹಾಗೆ ಕಾಣುವುದು ಕೆಂಪು ನಿಂತ ಜಾಗದ ಗಡಿ.

ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡಿ. ವೈಟ್ ಬ್ಯಾಲೆನ್ಸ್ ಅನ್ನು ಡೇಲೈಟ್‌ಗೆ, ಅಂದರೆ 5200–5500 ಕೆಲ್ವಿನ್‌ಗೆ, ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಬೆಚ್ಚಗಿನ ಬಣ್ಣವನ್ನೇ ದೋಷ ಅಂದುಕೊಂಡು ತಣ್ಣಗಾಗಿಸುತ್ತದೆ, ಅದೂ ಫ್ರೇಮಿನಿಂದ ಫ್ರೇಮಿಗೆ ಬೇರೆ ಬೇರೆ ಅಳತೆಯಲ್ಲಿ. ರಾ ಫೈಲಿನಲ್ಲಿ ಆಮೇಲೆ ಬದಲಿಸಬಹುದು, ನಿಜ. ಆದರೆ ಬೆಟ್ಟದ ಮೇಲೆ ನೀವು ನಂಬಬೇಕಾದ ಹಿಸ್ಟೋಗ್ರಾಂ ಕ್ಯಾಮೆರಾದ ಜೆಪೆಗ್ ಪ್ರಿವ್ಯೂನಿಂದ ಬರುತ್ತದೆ, ಆ ಪ್ರಿವ್ಯೂಗೆ ಈ ಸೆಟ್ಟಿಂಗ್ ಲೆಕ್ಕಕ್ಕಿದೆ. ಪಿಕ್ಚರ್ ಸ್ಟೈಲ್ ಕೂಡ ವಿವಿಡ್‌ನಿಂದ ನ್ಯೂಟ್ರಲ್‌ಗೆ ತನ್ನಿ. ಪರದೆಯ ಮೇಲೆ ಫೋಟೋ ಸಪ್ಪೆ ಕಾಣುತ್ತದೆ, ಲೆಕ್ಕ ಸರಿ ಇರುತ್ತದೆ.

ಆಮೇಲೆ ಸೂರ್ಯನ ಬಿಂಬ ಬಿಟ್ಟು ಅದರ ಪಕ್ಕದ ಆಕಾಶದಲ್ಲಿ ಕೆಂಪು ಗೆರೆ ಬಲಗಡೆ ಗೋಡೆಗೆ ಅಂಟದ ಹಾಗೆ ಶಟರ್ ತೆರೆದಿರುವ ಹೊತ್ತು ಇಳಿಸಿ. ಬಿಂಬ ಬೆಳ್ಳಗಾಗಲಿ, ಕಣ್ಣಿಗೂ ಅದು ಹಾಗೇ ಕಾಣುವುದು. ಅದನ್ನು ಉಳಿಸಲು ಹೈಲೈಟ್ಸ್ −100 ಎಳೆದರೆ ಸೂರ್ಯ ಬೂದು ಬಿಲ್ಲೆಯಾಗುತ್ತಾನೆ.

ಹೀಗೆ ಮಾಡಿದಾಗ ಬಂಡೆ ಕಪ್ಪಾಗುವುದು ಖಂಡಿತ. ಅದಕ್ಕೆ ಬ್ರಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆಯುವುದು: 2 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಅಂತರದಲ್ಲಿ 3 ಫ್ರೇಮ್, ಎಲ್ಲಕ್ಕಿಂತ ಕಪ್ಪಾದ ಫ್ರೇಮ್ ಆಕಾಶಕ್ಕೆ. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸೇಷನ್ ಆಫ್, 2 ಸೆಕೆಂಡ್ ಟೈಮರ್. ಗ್ರ್ಯಾಜುಯೇಟೆಡ್ ಎನ್‌ಡಿ ಫಿಲ್ಟರ್ (ಮೇಲರ್ಧ ಮಾತ್ರ ಕಪ್ಪಗಿರುವ ಗಾಜು) ಇಲ್ಲಿ ಬೇಡ. ಮರವಂತೆಯಲ್ಲಿ ಕಡಲಂಚು ನೇರ ಗೆರೆ, ಅಲ್ಲಿ ಅದು ಚೆನ್ನ. ಇಲ್ಲಿ ದಿಗಂತ ನೇರ ಗೆರೆಯಲ್ಲ, ಫಿಲ್ಟರ್ ಹಾಕಿದರೆ ಬಾನಿಗೆ ತಾಗಿದ ಗುಡ್ಡ–ಬಂಡೆಗಳು ಮಸಿ ಹಿಡಿದ ಹಾಗೆ ಕಪ್ಪಾಗುತ್ತವೆ.

ಎಫ್/16 ಬಿಡಿ, ಎಫ್/8 ಸಾಕು. ಕ್ರಾಪ್ ಸೆನ್ಸರ್‌ನಲ್ಲಿ 16ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಸಣ್ಣ ರಂಧ್ರದಲ್ಲಿ ಬೆಳಕು ಹರಡುವುದು) ಗೋಪುರದ ಗಾರೆ ಶಿಲ್ಪಗಳ ಚೂಪು ಹೋಗುತ್ತದೆ, ಸೆನ್ಸರ್ ಮೇಲಿನ ಪ್ರತಿ ಧೂಳಿನ ಕಣವೂ ಆಕಾಶದಲ್ಲಿ ಚುಕ್ಕೆಯಾಗಿ ಕೂರುತ್ತದೆ. ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಸೂರ್ಯ ಫ್ರೇಮಿನಲ್ಲಿದ್ದಾಗ ಹಸಿರು ಭೂತದಂಥ ಪ್ರತಿಬಿಂಬ ಬರುವುದು ಹೆಚ್ಚಾಗಿ ಅದರಿಂದಲೇ.

ಕಪ್ಪುಬಿಳುಪು

ಎಡಿಟಿಂಗ್ ಬಗ್ಗೆ ನಾನು ಹೇಳುತ್ತೇನೆ.

ವೈಬ್ರೆನ್ಸ್ ಅನ್ನು ಸೂರ್ಯಾಸ್ತಕ್ಕೆ ಬಳಸುವುದು ತುಂಬಾ ಜನ ಮಾಡುವ ತಪ್ಪು. ಅದು ಮನುಷ್ಯರ ಚರ್ಮದ ಬಣ್ಣ ಕೆಡದಂತೆ ಕಿತ್ತಳೆ ಛಾಯೆಯನ್ನು ಹಿಡಿದಿಟ್ಟು, ಮಂಕಾದ ಉಳಿದ ಬಣ್ಣಗಳನ್ನು ಏರಿಸುತ್ತದೆ. ನಿಮಗೆ ಬೇಕಾದ ಕಿತ್ತಳೆ ಅಲುಗುವುದಿಲ್ಲ, ಮೇಲಿನ ನೀಲಿ ಮಾತ್ರ ಶಾಯಿ ಚೆಲ್ಲಿದ ಹಾಗೆ ಆಗುತ್ತದೆ. +10 ದಾಟಬೇಡಿ.

3 ಫ್ರೇಮ್ ಆರಿಸಿ ಕಂಟ್ರೋಲ್+ಎಚ್ ಒತ್ತಿ ಎಚ್‌ಡಿಆರ್ ಮರ್ಜ್ ಮಾಡಿ, ಮೂರೂ ಸೇರಿ ಒಂದೇ ಫೋಟೋ ಆಗುತ್ತದೆ. ಡೀಘೋಸ್ಟ್ ಲೋ ಇಡಿ. ಬಜಾರಿನಲ್ಲಿ ಓಡಾಡುವ ಜನ, ಗಾಳಿಗೆ ಅಲ್ಲಾಡುವ ಗಿಡ ಎರಡೆರಡು ಕಾಣದಿರಲಿ. ಮೊದಲು ವೈಟ್ ಬ್ಯಾಲೆನ್ಸ್ 5500ರ ಸುತ್ತ ನಿಲ್ಲಿಸಿ. ಹೈಲೈಟ್ಸ್ −50, ಶ್ಯಾಡೋಸ್ +35. ಆಲ್ಟ್ ಒತ್ತಿಕೊಂಡು ವೈಟ್ಸ್ ಎಳೆಯಿರಿ. ಕಪ್ಪು ಪರದೆಯಲ್ಲಿ ಬಿಂಬದ ಹೊರಗೆ ಕೆಂಪು ಚುಕ್ಕೆ ಮೂಡಿತೋ, ಅಲ್ಲಿಗೇ ನಿಲ್ಲಿಸಿ ತುಸು ಹಿಂದೆ ಬನ್ನಿ. ಈ ಒಂದು ಹೆಜ್ಜೆಯನ್ನು ಮಾತ್ರ ಯಾವ ಫೋಟೋದಲ್ಲೂ ಬಿಡಬೇಡಿ.

ಬಂಡೆ ಬೂದಿ ಆಗಲು ಕಾರಣ: ಸೂರ್ಯ ನಿಮ್ಮ ಎದುರಿಗಿದ್ದಾನೆ, ಬಂಡೆಯ ನಿಮ್ಮ ಕಡೆಯ ಮುಖಕ್ಕೆ ಬೀಳುವುದು ಬೆನ್ನ ಹಿಂದಿನ ನೀಲಿ ಆಕಾಶದ ಬೆಳಕು. ಶ್ಯಾಡೋಸ್ ಎತ್ತಿದರೆ ಆ ನೀಲಿಯೂ ಎದ್ದು ಬರುತ್ತದೆ. ಕಲರ್ ಗ್ರೇಡಿಂಗ್‌ನಲ್ಲಿ ಶ್ಯಾಡೋಸ್ ಚಕ್ರಕ್ಕೆ ಹ್ಯೂ 35–40, ಸ್ಯಾಚುರೇಷನ್ 8 ಕೊಡಿ, ಹಂಪಿಯ ಗ್ರಾನೈಟಿನ ನಸುಗೆಂಪು ಮರಳುತ್ತದೆ. ಪೂರ್ತಿ ಬೆಳಗಿಸುವ ಹಟ ಬೇಡ. ಬಾನಿಗಿಂತ ಬಂಡೆ ಬೆಳ್ಳಗಾದರೆ ನೋಡುವವರ ಕಣ್ಣು ಅದನ್ನು ಒಪ್ಪುವುದಿಲ್ಲ.

ಗುಡ್ಡದಂಚಿನ ಬಿಳಿ ಗೆರೆಗೆ ಎರಡು ಮೂಲ: ಕ್ಲಾರಿಟಿ–ಡೀಹೇಝ್ ಅತಿಯಾದದ್ದು, ಅಥವಾ ಸೆಲೆಕ್ಟ್ ಸ್ಕೈ ಮಾಸ್ಕ್ (ಆಕಾಶವನ್ನಷ್ಟೇ ತಾನಾಗಿ ಆರಿಸುವ ಸಾಧನ). ಬಂಡೆ–ಗಿಡಗಳ ಸಂದುಗೊಂದಿನಲ್ಲಿ ಆ ಮಾಸ್ಕ್ ಸರಿಯಾಗಿ ಇಳಿಯುವುದಿಲ್ಲ. ಬದಲಿಗೆ ಮೇಲಿನಿಂದ ಲೀನಿಯರ್ ಗ್ರೇಡಿಯೆಂಟ್ ಎಳೆದು, ಲೂಮಿನೆನ್ಸ್ ರೇಂಜ್ 55–100ರ ಜೊತೆ ಇಂಟರ್‌ಸೆಕ್ಟ್ ಮಾಡಿ, ಎರಡೂ ಸೇರುವ ಜಾಗ ಮಾತ್ರ ಉಳಿಯುತ್ತದೆ. ಗುಡ್ಡ ಕಪ್ಪು, ಆಕಾಶ ಬೆಳಕು. ಬೆಳಕಿನ ಅಳತೆಯೇ ಅಂಚನ್ನು ಹುಡುಕಿಕೊಳ್ಳುತ್ತದೆ. ಡೀಹೇಝ್ ಬೇಕಿದ್ದರೆ +10, ಅದೂ ನೆಲದ ಭಾಗಕ್ಕೆ ಮಾತ್ರ.

ಮೆಟ್ಟಿಲು ಪಟ್ಟಿ ಬಹುತೇಕ ಜೆಪೆಗ್‌ನದು. 14 ಬಿಟ್ ರಾ ಫೈಲಿನಲ್ಲಿ ಒಂದು ಚಾನೆಲ್‌ಗೆ 16,384 ಹಂತ, ಜೆಪೆಗ್‌ನಲ್ಲಿ 256. ನಯವಾಗಿ ಇಳಿಯುವ ಬಾನನ್ನು ಡೀಹೇಝ್ ಹಿಗ್ಗಿಸಿದಾಗ ಹಂತಗಳ ನಡುವಿನ ಬಿರುಕು ಕಣ್ಣಿಗೆ ಬೀಳುತ್ತದೆ. ಗ್ರೇನ್ 10–12 ಹಾಕಿ, ಎಸ್‌ಆರ್‌ಜಿಬಿಯಲ್ಲಿ, ಕ್ವಾಲಿಟಿ 85ಕ್ಕಿಂತ ಕಡಿಮೆ ಮಾಡದೆ ಎಕ್ಸ್‌ಪೋರ್ಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಪಟ್ಟಿ ಮತ್ತೆ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ತುಂಗಾತೀರ

ಇಬ್ಬರೂ ಹೇಳಿದ್ದು ಸರಿ. ಹೊತ್ತಿನ ಲೆಕ್ಕ ಮಾತ್ರ ಉಳಿದಿದೆ. ಯುರೋಪಿನವರು ಬರೆದ ಪಾಠಗಳಲ್ಲಿ ಸೂರ್ಯ ಮುಳುಗಿದ ಮೇಲೆ ಮುಕ್ಕಾಲು ಗಂಟೆ ಬಣ್ಣ ಇರುತ್ತದೆ ಅಂತ ಇರುತ್ತದೆ. ಹಂಪಿ 15 ಡಿಗ್ರಿ ಅಕ್ಷಾಂಶದಲ್ಲಿದೆ, ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, 22–24 ನಿಮಿಷದಲ್ಲಿ ದಿಗಂತದ ಕೆಳಗೆ 6 ಡಿಗ್ರಿ ತಲುಪಿಬಿಡುತ್ತಾನೆ. ಆ ಹೊತ್ತಿನಲ್ಲಿ ಬೆಳಕು ಸುಮಾರು ಮೂರು ನಿಮಿಷಕ್ಕೊಂದು ಸ್ಟಾಪ್ ಕುಸಿಯುತ್ತದೆ. ಮ್ಯಾನ್ಯುಯಲ್‌ನಲ್ಲಿದ್ದರೆ ಅಷ್ಟಷ್ಟು ಹೊತ್ತಿಗೆ ಶಟರ್ ತಿದ್ದುತ್ತಿರಿ. ಮುಳುಗಿದ 10 ನಿಮಿಷಕ್ಕೆ ಎಫ್/8, ಐಎಸ್‌ಒ 100ರಲ್ಲಿ ಆಕಾಶಕ್ಕೆ 1/8 ಸೆಕೆಂಡಿನ ಆಸುಪಾಸು ಬರುತ್ತದೆ. ಮೋಡಕ್ಕೆ ಕೆಳಗಿನಿಂದ ಕೆಂಪು ಹತ್ತುವುದು ಸೂರ್ಯ ಮುಳುಗಿದ ಮೇಲೆಯೇ, ಎಲ್ಲರೂ ಇಳಿದು ಹೋಗುವಾಗ.

ಇನ್ನೊಂದು, ಡಿಸೆಂಬರ್ ಮೂರನೇ ವಾರದಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಅಂದರೆ ಗೋಪುರದಿಂದ ಬಹಳ ಎಡಕ್ಕೆ. ಎರಡನ್ನೂ ಒಟ್ಟಿಗೆ ಹಿಡಿಯಲು 18 ಎಂಎಂ ಬೇಕು, ಆಗ ಗೋಪುರ ಕಡ್ಡಿಯಾಗುತ್ತದೆ. ಮಾರ್ಚ್ 21ರ ನಂತರ ಮುಳುಗುವ ಜಾಗ ಪಶ್ಚಿಮದಿಂದ ಬಲಕ್ಕೆ ಸರಿಯುತ್ತಾ ಗೋಪುರದ ಹತ್ತಿರ ಬರುತ್ತದೆ, ಆಗ 55 ಎಂಎಂ ಹಾಕಬಹುದು. ಆದರೆ ಏಪ್ರಿಲ್‌ನ ಧೂಳು ಬಣ್ಣವನ್ನು ತಿಂದುಹಾಕುತ್ತದೆ: ಬಿಂಬ ಕೆಂಪಗೆ, ಬಾನು ಮಾಸಲು. ಮಳೆ ಬಂದು ಧೂಳು ತೊಳೆದ ಮರುದಿನ ಹೋಗಿ.

ಹೋಗುವ ಮೊದಲು ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರ ನೋಡಿ. 9 ಕಿಲೋಮೀಟರ್ ಎತ್ತರದ ತೆಳುಮೋಡಕ್ಕೆ ಕೊನೆಯ ಬೆಳಕು ಸುಮಾರು 340 ಕಿಲೋಮೀಟರ್ ದೂರದಲ್ಲಿ ನೆಲವನ್ನು ಸವರಿಕೊಂಡು ಬರುತ್ತದೆ. ಹಂಪಿಯ ಮೇಲೆ ತೆಳು ಮುಗಿಲಿದ್ದು ಘಟ್ಟ–ಕರಾವಳಿಯ ಮೇಲೆ ಶುಭ್ರ ಇದ್ದರೆ ಓಕುಳಿ. ಅಲ್ಲಿ ದಟ್ಟ ಮೋಡ ಇದ್ದರೆ ಇಲ್ಲಿನ ಮುಗಿಲಿಗೆ ಬಣ್ಣ ಹತ್ತುವುದೇ ಇಲ್ಲ.

ಮುಳುಗಿದ 5–10 ನಿಮಿಷಕ್ಕೆ ಒಮ್ಮೆ ಹಿಂದೆ ತಿರುಗಿ. ಅಚ್ಯುತರಾಯನ ಗುಡಿಯ ಮೇಲೆ ಪೂರ್ವದಲ್ಲಿ ಭೂಮಿಯ ನೀಲಿ ನೆರಳು, ಅದರ ಮೇಲೊಂದು ಗುಲಾಬಿ ಪಟ್ಟಿ ಏಳುತ್ತದೆ. ಅದಕ್ಕೆ ಬ್ರಾಕೆಟಿಂಗೂ ಬೇಡ. ಇಳಿಯಲು ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ.

ಬಂಡೆಹಾದಿ

ತುಂಬಾ ಉಪಕಾರವಾಯಿತು. ಹಳೆಯ ಫೈಲಿನಲ್ಲಿ ಆಲ್ಟ್ ಒತ್ತಿ ನೋಡಿದೆ, ಸೂರ್ಯನ ಸುತ್ತ ಅಂಗೈಯಗಲ ಕೆಂಪು. ಅದನ್ನು 12×18 ಇಂಚಿಗೆ ಪ್ರಿಂಟ್ ಮಾಡಿಸಬೇಕಿತ್ತು. ಉಳಿಸಬಹುದೇ?

ಕಪ್ಪುಬಿಳುಪು

ಎಕ್ಸ್‌ಪೋಷರ್ −1 ಎಳೆದು ನೋಡಿ. ಕೆಂಪು ಚುಕ್ಕೆ ಕರಗಿ ಕಿತ್ತಳೆ ಮರಳಿದರೆ ಸೆನ್ಸರ್‌ನಲ್ಲಿ ವಿವರ ಇದೆ, ಆ ಭಾಗಕ್ಕಷ್ಟೇ ರೇಡಿಯಲ್ ಮಾಸ್ಕ್ ಹಾಕಿ ಇಳಿಸಿ. ಹಳದಿಯೇ ಕಪ್ಪಾಗುತ್ತಾ ಹೋದರೆ ಅಲ್ಲಿ ಕೆಂಪಿನ ಮಾಹಿತಿ ಹೋಗಿದೆ, ಪ್ರಿಂಟ್‌ಗೆ ದುಡ್ಡು ಹಾಕಬೇಡಿ.

ಅಳತೆಗೆ ತೊಂದರೆಯಿಲ್ಲ: 6000 ಪಿಕ್ಸೆಲ್ ಅನ್ನು 18 ಇಂಚಿಗೆ ಹಂಚಿದರೆ ಇಂಚಿಗೆ 333. ಲ್ಯಾಬ್‌ನವರ ಹತ್ತಿರ ಆ ಪೇಪರ್‌ನ ಐಸಿಸಿ ಪ್ರೊಫೈಲ್ (ಕಾಗದದ ಬಣ್ಣಗಳ ವಿವರ ಇರುವ ಫೈಲ್) ಕೇಳಿ ಪಡೆದು ಸಾಫ್ಟ್ ಪ್ರೂಫ್ ಮಾಡಿ, ಅಂದರೆ ಪ್ರಿಂಟ್ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ನೋಡಿ. ಗಾಢ ಕಿತ್ತಳೆ ಕಾಗದದ ಮಿತಿಗೆ ಹೊರಗೆ ಹೋದರೆ ವಿವರ ಅಳಿಸಿ ಒಂದೇ ತೇಪೆಯಾಗುತ್ತದೆ. ಎಚ್‌ಎಸ್‌ಎಲ್‌ನಲ್ಲಿ ಆರೆಂಜ್ ಸ್ಯಾಚುರೇಷನ್ −10, ಲೂಮಿನೆನ್ಸ್ +5 ಮಾಡಿ, 6×9ರ ಒಂದು ಸಣ್ಣ ಪ್ರಿಂಟ್ ಮೊದಲು ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ.